ಉಕ್ಕುವ ಮುನ್ನ

ಜೆನಿತ್ಸಾದಲ್ಲಿ ಜನವರಿಯಲ್ಲಿ ಕಿಟಕಿ ತೆರೆಯುವಂತಿಲ್ಲ.
ಕಣಿವೆಯ ಬಾಯಿಗೆ ಮಂಜಿನ ಮುಚ್ಚಳ,
ಅದರಡಿ ಕಾರ್ಖಾನೆಯ ಹೊಗೆ, ಮನೆಮನೆಯ ಕಲ್ಲಿದ್ದಲು.
ಹೊರಗೆ ಸೊನ್ನೆಗಿಂತ ಒಂಬತ್ತು ಕೆಳಗೆ;
ಆ ಚಳಿ ನನ್ನ ಹೊಸ ಕಂಪ್ಯೂಟರಿಗೆ ದಕ್ಕದು.

ಮದುವೆ ವಿಡಿಯೋ ಕತ್ತರಿಸಿ ಜೋಡಿಸುವವಳು ನಾನು.
ಮೆರ್ಸಿಹಾಳದೊಂದೇ ಹನ್ನೊಂದು ಗಂಟೆ:
ಅಕಾರ್ಡಿಯನ್, ಅಳುವ ಸೋದರತ್ತೆ, ಮತ್ತೆ ಅಕಾರ್ಡಿಯನ್.
ಹಳೆಯ ಯಂತ್ರ ರಾತ್ರಿಯಿಡೀ ಅರೆದು
ಬೆಳಗಿಗೆ ತೊಂಬತ್ತೊಂದರಲ್ಲಿ ನಿಂತಿರುತ್ತಿತ್ತು, ಸೇತುವೆ ಕಂಡ ಕತ್ತೆ.

ಹೊಸದು ಜೋಡಿಸುವ ದಿನ ಮೇಲಿನ ಮಹಡಿಯ ರಾಸಿಮ್ ಇಳಿದು ಬಂದ,
ಮೂವತ್ತೊಂದು ವರ್ಷ ಕುಲುಮೆಯ ಬಾಯಲ್ಲಿ ನಿಂತು
ಬಣ್ಣ ನೋಡಿ ಬಿಸಿ ಹೇಳಿದವನು.
ಮಾತು ಧಾರಾಳ. ಕೈ ಮಾತ್ರ ಹಾಕಲಿಲ್ಲ.
ಅಯಸ್ಕಾಂತದ ಮೂತಿಯ ಸ್ಕ್ರೂಡ್ರೈವರ್ ಚಾಚಿದರೆ
ಒಂದು ಹೆಜ್ಜೆ ಹಿಂದೆ ಸರಿದ.
ಮೈಗಳ್ಳ, ಅಂದುಕೊಂಡೆ.

ಪೇಸ್ಟು ಬಟಾಣಿ ಕಾಳಿನಷ್ಟು. ಅದರ ಮೇಲೆ ಫ್ಯಾನಿನ ಗೋಪುರ.
"ಇದು ಕೆಂಪಾಗುವುದು ಎಷ್ಟಕ್ಕೆ?"
ಕೆಂಪಾಗುವುದಿಲ್ಲ, ಅಂಕಿ ಏರುತ್ತದೆ ಅಷ್ಟೆ.
"ಬಣ್ಣ ತೋರದ ಬೆಂಕಿಯೇ! ನಂಬಬೇಡ."

ನಂಬಿದೆ.
ಐದು ಗಿಗಾಹರ್ಟ್ಸ್, ನಡೆಯಿತು.
ಐದೂ ಕಾಲಿಗೆ ತೊದಲಿತು; ವೋಲ್ಟೇಜು ಒಂದು ಚಿಟಿಕೆ ಏರಿಸಿದೆ.
ಇನ್ನೊಂದು ಚಿಟಿಕೆ. ಒಂದು ಬಿಂದು ನಾಲ್ಕು.
ಎಂಬತ್ತೆಂಟು ಡಿಗ್ರಿ, ತೊಂಬತ್ನಾಲ್ಕು, ತೊಂಬತ್ತೊಂಬತ್ತು,
ನೂರು ಮುಟ್ಟಿದೊಡನೆ ತಾನೇ ಓಟ ತಗ್ಗಿಸಿತು,
ಉಣಿಸಿದಷ್ಟೂ ಕಡಿಮೆ ದುಡಿಯಿತು.
ಆಮೇಲೆ ನೀಲಿ ಪರದೆ. ಆಮೇಲೆ ಕಪ್ಪು.
ಫ್ಯಾನ್ ಮಾತ್ರ ಗಿರ್ರೆನ್ನುತ್ತಿತ್ತು,
ಕಳ್ಳ ಹೋದ ಮೇಲೂ ಬೊಗಳುವ ನಾಯಿ.

ಬೋರ್ಡಿನ ಬಿಲ್ಲೆ ಬ್ಯಾಟರಿ ಕಿತ್ತು
ಯಂತ್ರ ಎಲ್ಲ ಮರೆಯಲೆಂದು ಕಾದೆವು. ಕಾಯುವಷ್ಟರಲ್ಲಿ ಕಾಫಿ.
ಜೆಜ್ವೆಯ ನೊರೆ ಅಂಚಿಗೆ ಬಂತು; ರಾಸಿಮ್ ಎತ್ತಿದ,
ಇಳಿಯಿತು; ಇಟ್ಟ, ಬಂತು, ಎತ್ತಿದ.
ಉಕ್ಕಿನೂರಿನ ಮುದುಕ.
ಉಕ್ಕುವುದಕ್ಕೆ ಒಂದು ಉಸಿರು ಮೊದಲು
ಕೈ ತಾನಾಗಿ ಹೋಗುತ್ತದೆ.

ಆಗ ಅಂಗಿಯ ಮೇಲಿನ ಗುಂಡಿ ಬಿಚ್ಚಿದ.
ಎಡ ಕೊರಳೆಲುಬಿನ ಕೆಳಗೆ, ಚರ್ಮದಡಿ,
ಬೆಂಕಿಪೊಟ್ಟಣದಷ್ಟು ಉಬ್ಬು.
"ಇದಕ್ಕೂ ವೋಲ್ಟೇಜು ಇದೆ, ಗೊತ್ತೇ?
ತುಜ್ಲಾದ ಡಾಕ್ಟರಮ್ಮ ಪರದೆ ನೋಡುತ್ತ
ಇಳಿಸುತ್ತ ಹೋದಳು. ಎರಡು, ಒಂದೂವರೆ, ಒಂದು…
ಮುಕ್ಕಾಲಿಗೆ ಬಂದಾಗ ಎದೆ ಒಂದು ಬಡಿತ ತಪ್ಪಿತು.
ಕೋಣೆ ಓರೆಯಾಯಿತು. ಅವಳು ನಕ್ಕಳು, ಪಾಪಿ:
ಸಿಕ್ಕಿತು ನಿಮ್ಮ ಅಂಚು!
ಅದರ ಎರಡರಷ್ಟು ಇಟ್ಟಳು. ಹೆಚ್ಚಿಟ್ಟರೆ ಬ್ಯಾಟರಿ ಬೇಗ ತೀರುತ್ತದಂತೆ.
ನೀನು ಏರಿಸುತ್ತ ಹುಡುಕುತ್ತೀ. ಇಳಿಸುತ್ತ ಹುಡುಕು."

ಐದಕ್ಕೇ ಮರಳಿ, ಹತ್ತು ಹತ್ತು ಮಿಲಿವೋಲ್ಟು ಇಳಿಸಿದೆವು,
ಪ್ರತಿ ಸಲ ಇಪ್ಪತ್ತು ನಿಮಿಷ ಪರೀಕ್ಷೆ,
ಸೋಫಾದಲ್ಲಿ ಅವನ ತೂಕಡಿಕೆ.
ಒಂದು ಬಿಂದು ಒಂದೆಂಟಕ್ಕೆ ಬಡಿತ ತಪ್ಪಿತು, ಯಂತ್ರದ್ದು.
ಮೂರು ಮೆಟ್ಟಿಲು ಮೇಲೆ ಬಂದು ನಿಂತೆ.
ಎಪ್ಪತ್ತೊಂದು ಡಿಗ್ರಿ.

ಅಂಗಡಿಯ ಎಲ್ದಿನ್ ಇದೇ ಚಿಪ್ಪನ್ನು ಐದೂವರೆಗೆ ಓಡಿಸುತ್ತಾನೆ.
ಓಡಿಸಲಿ. ಒಂದೇ ಅಚ್ಚಿನಲ್ಲಿ ಬಿದ್ದ ಬಿಲ್ಲೆಗಳಿಗೂ
ಹಣೆಬರಹ ಬೇರೆ ಬೇರೆ.

ಈಗ ಮೂರೂ ಕಾಲು.
ಮೆರ್ಸಿಹಾ ಎಂಬತ್ತೇಳು ಶೇಕಡಾ ಮದುವೆಯಾಗಿದ್ದಾಳೆ.
ಫ್ಯಾನಿನ ಸದ್ದು ಕೇಳಬೇಕಾದರೆ ಉಸಿರು ಹಿಡಿಯಬೇಕು.
ಹಿಡಿದರೆ ಮೇಲಿನ ಮಹಡಿಯೂ ಕೇಳುತ್ತದೆ:
ರಾಸಿಮನ ಚಪ್ಪಲಿ ಬಚ್ಚಲಿಗೆ ಹೋಗುತ್ತದೆ,
ಹನ್ನೆರಡು ಹೆಜ್ಜೆ.
ನಲ್ಲಿ. ಮೌನ.
ಬರುವಾಗಲೂ ಎಣಿಸುತ್ತೇನೆ.